ಅಟ್ಲಾಂಟಾಕ್ಕೆ ಹೊಸದಾಗಿ ಬಂದವರಿಗೆ: ರಸ್ತೆ-ರೈಲಿಗಾಗಿ ಸೇಲ್ಸ್ ಟ್ಯಾಕ್ಸ್ ಮತ್ತು ಅದರ ಮತದಾನ

ಆಲ್ಫರೆಟ್ಟಾ, ಜಾನ್ಸ್ ಕ್ರೀಕ್, ಸುವಾನಿ, ಡುಲೂತ್ ಕಡೆ ಮನೆ ಮಾಡಿದವರಿಗೆ ಒಂದಲ್ಲ ಒಂದು ವರ್ಷ ರಸ್ತೆಬದಿಯ ಹುಲ್ಲಿನ ಮೇಲೆ ‘ಟಿ-ಸ್ಪ್ಲಾಸ್ಟ್’ ಎಂಬ ಫಲಕಗಳು ಕಾಣುತ್ತವೆ. ರಸ್ತೆ, ಸೇತುವೆ, ಬಸ್ಸು, ರೈಲಿಗೆ ದುಡ್ಡು ಬೇಕು, ಅದಕ್ಕಾಗಿ ಇಷ್ಟು ವರ್ಷ ಇಷ್ಟು ಸೇಲ್ಸ್ ಟ್ಯಾಕ್ಸ್ ಕಟ್ಟುತ್ತೀರಾ ಎಂದು ಸರ್ಕಾರ ಜನರನ್ನೇ ಕೇಳುವ ಮತದಾನದ ಪ್ರಚಾರ ಅದು, ಟಿ-ಸ್ಪ್ಲಾಸ್ಟ್ ಎಂಬುದು ಆ ತೆರಿಗೆಯ ಹೆಸರು. ನಮ್ಮ ಕಡೆ ಪೆಟ್ರೋಲ್ ಮೇಲಿನ ತೆರಿಗೆಯನ್ನು ರಾಜ್ಯ ಸರ್ಕಾರ, ಜಿಎಸ್‌ಟಿ ದರವನ್ನು ಕೌನ್ಸಿಲ್ ತೀರ್ಮಾನಿಸುತ್ತದೆ, ನಾವು ಮರುದಿನ ಪತ್ರಿಕೆಯಲ್ಲಿ ಓದುತ್ತೇವೆ. ಇಲ್ಲಿ ಜನ ಬೇಡ ಎಂದರೆ ಆ ತೆರಿಗೆ ಹುಟ್ಟುವುದೇ ಇಲ್ಲ. ಹಾಗಾಗಿ ಇದನ್ನು ತಿಳಿದುಕೊಳ್ಳುವುದು ಮುಖ್ಯ. ವೀಸಾದಲ್ಲಿರುವವರಿಗೂ ಮುಖ್ಯ, ಏಕೆಂದರೆ ಅಂಗಡಿಯ ಬಿಲ್ಲು ವೀಸಾ ಕೇಳುವುದಿಲ್ಲ.

ಎಲ್ಲಕ್ಕಿಂತ ಮೊದಲು ಒಂದು ಎಚ್ಚರಿಕೆ. ಎಚ್-1ಬಿ, ಎಲ್-1, ಎಫ್-1, ಎಚ್-4 ಯಾವುದರಲ್ಲೇ ಇರಿ, ಗ್ರೀನ್ ಕಾರ್ಡೇ ಇರಲಿ, ಅಮೆರಿಕದ ಪೌರತ್ವದ ಪ್ರಮಾಣ ವಚನ ಆಗುವವರೆಗೆ ಜಾರ್ಜಿಯಾದಲ್ಲಿ ಮತ ಹಾಕುವಂತಿಲ್ಲ, ಮತದಾರರ ಪಟ್ಟಿಗೆ ಹೆಸರು ಕೊಡುವಂತಿಲ್ಲ. ‘ಇದು ಬರೀ ರಸ್ತೆ ತೆರಿಗೆಯ ಮತ, ಅಧ್ಯಕ್ಷರ ಚುನಾವಣೆಯಲ್ಲ’ ಎಂಬ ವಾದ ನಡೆಯುವುದಿಲ್ಲ. ಪೌರರಲ್ಲದವರು ಮತ ಹಾಕಿದರೆ ಗಡೀಪಾರಿಗೆ ಕಾರಣವಾಗಬಹುದು. ಪೌರನೆಂದು ಸುಳ್ಳಾಗಿ ಟಿಕ್ ಹಾಕಿದರೂ ಹಾಗೆಯೇ. ಮುಂದೆ ಪೌರತ್ವದ ಎನ್-400 ಅರ್ಜಿಯಲ್ಲಿ ‘ಎಂದಾದರೂ ಮತ ಹಾಕಿದ್ದೀರಾ, ನೋಂದಾಯಿಸಿಕೊಂಡಿದ್ದೀರಾ’ ಎಂದು ನೇರವಾಗಿ ಕೇಳುತ್ತಾರೆ.

ಹೆಚ್ಚಿನವರು ಎಡವುವುದು ಬೇಕೆಂದಲ್ಲ, ಗಡಿಬಿಡಿಯಲ್ಲಿ. ಲೈಸೆನ್ಸ್ ಕೊಡುವ ಡಿಡಿಎಸ್ ಕಚೇರಿಯಲ್ಲಿ ಅರ್ಹರನ್ನು ತಾನಾಗಿಯೇ ಮತದಾರರ ಪಟ್ಟಿಗೆ ಸೇರಿಸುವ ಪದ್ಧತಿ 2016ರಿಂದ ಇದೆ. ಹತ್ತಾರು ಪ್ರಶ್ನೆಗಳ ನಡುವೆ ‘ನೀವು ಅಮೆರಿಕದ ಪೌರರೇ’ ಎಂಬುದೂ ಬರುತ್ತದೆ, ಅಲ್ಲಿ ನಿಂತು ಓದಿ ‘ಅಲ್ಲ’ ಎನ್ನಿ. ದಿನಸಿ ಅಂಗಡಿಯ ಮುಂದೆಯೋ ಹಬ್ಬದ ಕಾರ್ಯಕ್ರಮದ ಹೊರಗೋ ಮೇಜು ಹಾಕಿಕೊಂಡು ಫಾರಂ ಚಾಚುವ ಸ್ವಯಂಸೇವಕರಿಗೆ ನಿಮ್ಮ ವೀಸಾ ಗೊತ್ತಿರುವುದಿಲ್ಲ, ನಯವಾಗಿ ಬೇಡವೆಂದು ಮುಂದೆ ಹೋಗಿ. ಆಕಸ್ಮಾತ್ ನಿಮ್ಮ ಹೆಸರಿಗೆ ಮತದಾರರ ಕಾರ್ಡ್ ಅಂಚೆಯಲ್ಲಿ ಬಂದರೆ ಅದನ್ನು ಕಸದಬುಟ್ಟಿಗೆ ಎಸೆದು ಸುಮ್ಮನಾಗಬೇಡಿ. ಮೊದಲು ವಲಸೆ ವಕೀಲರಿಗೆ ತೋರಿಸಿ, ಅವರು ಹೇಳಿದಂತೆ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ರಿಜಿಸ್ಟ್ರಾರ್‌ಗೆ ಬರಹದಲ್ಲಿ ತಿಳಿಸಿ ಹೆಸರು ತೆಗೆಸಿ, ಆ ಪತ್ರದ ಪ್ರತಿಯನ್ನು ಪಾಸ್‌ಪೋರ್ಟಿನ ಜೊತೆ ಜೋಪಾನವಾಗಿಡಿ.

ಇನ್ನು ಬಿಲ್ಲು. ಭಾರತದ ಎಂಆರ್‌ಪಿಯಂತೆ ಇಲ್ಲಿನ ಬೆಲೆಚೀಟಿಯಲ್ಲಿ ತೆರಿಗೆ ಸೇರಿರುವುದಿಲ್ಲ, ಕೌಂಟರಿನಲ್ಲಿ ಮೇಲಿಂದ ಬೀಳುತ್ತದೆ. ಜಾರ್ಜಿಯಾ ರಾಜ್ಯದ ಪಾಲು ಎಲ್ಲೆಡೆ ಶೇ 4. ಅದರ ಮೇಲೆ ಕೌಂಟಿ, ಶಾಲೆ, ಮಾರ್ಟಾ (ಅಟ್ಲಾಂಟಾದ ಬಸ್ಸು-ರೈಲು ಸಂಸ್ಥೆ), ಟಿ-ಸ್ಪ್ಲಾಸ್ಟ್ ಎಂದು ಒಂದೊಂದೇ ಪದರ ಏರುತ್ತದೆ. ಗ್ವಿನೆಟ್ ಮತ್ತು ಕಾಬ್ ಕೌಂಟಿಗಳಲ್ಲಿ ಒಟ್ಟು ಶೇ 6, ಫೋರ್ಸೈತ್‌ನಲ್ಲಿ 7, ಅಟ್ಲಾಂಟಾ ನಗರ ಬಿಟ್ಟು ಉಳಿದ ಫುಲ್ಟನ್‌ನಲ್ಲಿ 7.75, ಅಟ್ಲಾಂಟಾ ನಗರದೊಳಗೆ 8.9. ದರ ಬದಲಾದಾಗ ರಾಜ್ಯದ ಕಂದಾಯ ಇಲಾಖೆಯ ಜಾಲತಾಣದಲ್ಲಿ ಹೊಸ ಪಟ್ಟಿ ಸಿಗುತ್ತದೆ. ಅಕ್ಕಿ, ಬೇಳೆ, ತರಕಾರಿಗೆ ರಾಜ್ಯದ ಶೇ 4 ಇಲ್ಲ, ಆದರೆ ಸ್ಥಳೀಯ ಪಾಲಿನಿಂದ ತಪ್ಪಿಸಿಕೊಳ್ಳಲಾಗದು. ಗ್ವಿನೆಟ್‌ನಲ್ಲಿ 40 ಡಾಲರಿನ ಅಕ್ಕಿಗೆ 80 ಸೆಂಟ್ ಬೀಳುವುದು ಇದರಿಂದಲೇ. ಅದೇ 40 ಡಾಲರಿಗೆ ಹೋಟೆಲಿನಲ್ಲಿ ದೋಸೆ ತಿಂದರೆ ಪೂರ್ತಿ ದರ, ಅಂದರೆ 2.40 ಡಾಲರ್. ಆನ್‌ಲೈನ್‌ನಲ್ಲಿ ತರಿಸಿದ್ದಕ್ಕೆ ಪೊಟ್ಟಣ ತಲುಪುವ ವಿಳಾಸದ ದರ ಅನ್ವಯಿಸುತ್ತದೆ. ಕಾರು ಕೊಂಡರೆ ಸೇಲ್ಸ್ ಟ್ಯಾಕ್ಸ್ ಬದಲು ಟೈಟಲ್ ತೆರಿಗೆಯೇ ಬೇರೆ ಇದೆ. ಪೆಟ್ರೋಲಿನ ಮೇಲೆ ಟಿ-ಸ್ಪ್ಲಾಸ್ಟ್ ಬೀಳುವುದಿಲ್ಲ.

ಪ್ರಚಾರದವರು ಇದನ್ನು ‘ಪೆನ್ನಿ ಟ್ಯಾಕ್ಸ್’ ಎನ್ನುತ್ತಾರೆ, ಒಂದು ಡಾಲರಿಗೆ ಒಂದು ಸೆಂಟ್. ಕೇಳಲು ಪುಡಿಗಾಸು. ಆದರೆ ಮನೆಯಲ್ಲಿ ವರ್ಷಕ್ಕೆ 30,000 ಡಾಲರಿನಷ್ಟು ತೆರಿಗೆ ಬೀಳುವ ಖರೀದಿಯಿದ್ದರೆ ಅದು 300 ಡಾಲರ್. ಪರವೋ ವಿರೋಧವೋ ಎಂದು ಯೋಚಿಸುವ ಮೊದಲು ನಿಮ್ಮ ಮನೆಯ ಈ ಲೆಕ್ಕ ಹಾಕಿಕೊಳ್ಳಿ. ಕಡಿಮೆ ಸಂಬಳದವರು ದುಡಿದದ್ದರಲ್ಲಿ ಹೆಚ್ಚು ಪಾಲನ್ನು ದಿನಸಿ, ಬಟ್ಟೆಗೇ ಖರ್ಚು ಮಾಡುವುದರಿಂದ ಈ ತೆರಿಗೆ ಅವರಿಗೆ ಹೆಚ್ಚು ಭಾರ ಎಂಬ ಆಕ್ಷೇಪ ಹಳೆಯದು, ಮತ್ತು ಸರಿಯಾದದ್ದು. ಕಾರಿಲ್ಲದೆ ಬಸ್ಸಿಗೆ ಕಾಯುವವರೂ ಬಹುಪಾಲು ಅವರೇ ಎಂಬುದನ್ನು ಅದರ ಪಕ್ಕದಲ್ಲೇ ಇಟ್ಟು ನೋಡಬೇಕು.

2012ರಲ್ಲಿ ನಡೆದದ್ದು

ಇಲ್ಲಿನ ಈಗಿನ ಜಗಳಗಳು ಅರ್ಥವಾಗಬೇಕಾದರೆ 2012ರ ಜುಲೈ 31ರ ಮತದಾನ ಗೊತ್ತಿರಬೇಕು. 2010ರ ಕಾನೂನೊಂದು ಇಡೀ ಜಾರ್ಜಿಯಾವನ್ನು 12 ಪ್ರದೇಶಗಳಾಗಿ ವಿಂಗಡಿಸಿ, ಹತ್ತು ವರ್ಷ ಶೇ 1ರ ತೆರಿಗೆ ಬೇಕೇ ಎಂದು ಪ್ರತಿ ಪ್ರದೇಶವನ್ನೂ ಕೇಳಿತು. ಅಟ್ಲಾಂಟಾ ಪ್ರದೇಶವೆಂದರೆ ಫುಲ್ಟನ್, ಡಿಕಾಲ್ಬ್, ಕಾಬ್, ಗ್ವಿನೆಟ್, ಕ್ಲೇಟನ್, ಚೆರೊಕೀ, ಡಗ್ಲಸ್, ಫೇಯೆಟ್, ಹೆನ್ರಿ, ರಾಕ್‌ಡೇಲ್ ಸೇರಿ ಹತ್ತು ಕೌಂಟಿ. ಕೌಂಟಿಗಳ ಮುಖ್ಯಸ್ಥರು, ಮೇಯರ್‌ಗಳು ಸೇರಿ 21 ಜನರ ಸಭೆ 157 ಕಾಮಗಾರಿಗಳ ಪಟ್ಟಿಯನ್ನು 2011ರ ಅಕ್ಟೋಬರಿನಲ್ಲಿ ಒಮ್ಮತದಿಂದ ಒಪ್ಪಿತ್ತು. ಬಂದ ಹಣದಲ್ಲಿ ಶೇ 85 ಈ ಪಟ್ಟಿಗೆ, ಶೇ 15 ಆಯಾ ಊರುಗಳ ಸಣ್ಣ ಕೆಲಸಗಳಿಗೆ. ಪಟ್ಟಿಯ ಹಣದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬಸ್ಸು-ರೈಲಿಗೆ.

ಅಟ್ಲಾಂಟಾ ಪ್ರದೇಶದಲ್ಲಿ ಶೇ 60ಕ್ಕೂ ಹೆಚ್ಚು ಮತದಾರರು ಬೇಡವೆಂದರು. ಒಪ್ಪಿದ್ದು ಮೂರೇ ಪ್ರದೇಶಗಳು: ಆಗಸ್ಟಾ ಕಡೆಯದು, ಕೊಲಂಬಸ್ ಕಡೆಯದು, ಹಾರ್ಟ್ ಆಫ್ ಜಾರ್ಜಿಯಾ ಅಲ್ಟಮಹಾ. ತೆರಿಗೆ ಏರಿಕೆಯನ್ನೇ ವಿರೋಧಿಸುವ ಟೀ ಪಾರ್ಟಿಯವರೂ, ಪಟ್ಟಿಯಲ್ಲಿ ರಸ್ತೆ ಹೆಚ್ಚಾಯಿತೆಂದ ಪರಿಸರ ಸಂಘಟನೆ ಸಿಯೆರಾ ಕ್ಲಬ್ಬಿನವರೂ ಒಂದೇ ಕಡೆ ನಿಂತಿದ್ದರು. ಆಗಲೇ ಮಾರ್ಟಾಕ್ಕೆ ಒಂದು ಸೆಂಟ್ ಕಟ್ಟುತ್ತಿದ್ದ ಡಿಕಾಲ್ಬ್‌ನ ದಕ್ಷಿಣ ಭಾಗದವರು ಐ-20 ಹೆದ್ದಾರಿಯ ಉದ್ದಕ್ಕೂ ರೈಲು ಕೇಳಿದ್ದರು, ಅದು ಪಟ್ಟಿಯಲ್ಲಿರಲಿಲ್ಲ. ಬ್ಯಾಲಟ್ಟಿನಲ್ಲಿ ಪ್ರಶ್ನೆಯ ಮೇಲೆಯೇ ಇದು ಉದ್ಯೋಗ ಹುಟ್ಟಿಸುತ್ತದೆ, ಟ್ರಾಫಿಕ್ ತಗ್ಗಿಸುತ್ತದೆ ಎಂಬರ್ಥದ ವಾಕ್ಯ ಅಚ್ಚಾಗಿದ್ದುದೂ ಹಲವರನ್ನು ಕೆರಳಿಸಿತು. ಇಂಥ ಮೇಲ್ಬರಹವನ್ನು ಬಿಟ್ಟು ಪ್ರಶ್ನೆಯನ್ನಷ್ಟೇ ಓದುವ ಅಭ್ಯಾಸ ಒಳ್ಳೆಯದು.

ಆದರೆ ಎಲ್ಲಕ್ಕಿಂತ ಪೆಟ್ಟು ಕೊಟ್ಟದ್ದು ಮುರಿದ ಮಾತು. ಜಾರ್ಜಿಯಾ 400 ಹೆದ್ದಾರಿಯಲ್ಲಿ 1993ರಿಂದ 50 ಸೆಂಟ್ ಟೋಲ್ ಇತ್ತು. ಸಾಲ ತೀರುವ 2011ಕ್ಕೆ ತೆಗೆಯುತ್ತೇವೆ ಎಂದಿದ್ದವರು 2010ರಲ್ಲಿ ಮುಂದುವರಿಸಲು ತೀರ್ಮಾನಿಸಿದರು. ಮತದಾನಕ್ಕೆ ಎರಡು ವಾರವೂ ಇಲ್ಲದಾಗ ಗವರ್ನರ್ ನೇಥನ್ ಡೀಲ್ ಟೋಲ್ ರದ್ದು ಮಾಡುವುದಾಗಿ ಪ್ರಕಟಿಸಿದರೂ ಜನರ ಅಪನಂಬಿಕೆ ಕರಗಲಿಲ್ಲ. ಟೋಲ್ ಕೊನೆಗೂ ನಿಂತದ್ದು 2013ರ ನವೆಂಬರಿನಲ್ಲಿ. ‘ಹತ್ತು ವರ್ಷ ಮಾತ್ರ’ ಎಂಬ ಯಾವ ತೆರಿಗೆಗೂ ಇಲ್ಲಿನ ಹಳಬರು ಹುಬ್ಬೇರಿಸುವುದಕ್ಕೆ ಕಾರಣ ಇದು.

ಬೇಡವೆಂದರೆ ಖರ್ಚು ತಪ್ಪುತ್ತದೆಯೇ? ಇಲ್ಲ. ಸೋತ ಪ್ರದೇಶದ ಊರುಗಳು ರಾಜ್ಯದ ರಸ್ತೆ ಅನುದಾನಕ್ಕೆ ತಮ್ಮ ಪಾಲಾಗಿ ಶೇ 30 ಹಾಕಬೇಕಾಯಿತು, ಗೆದ್ದವುಗಳಿಗೆ ಶೇ 10 ಸಾಕಾಯಿತು. ಐ-285 ಮತ್ತು 400 ಕೂಡುವ ಇಂಟರ್‌ಚೇಂಜ್ ಆ ಪಟ್ಟಿಯಲ್ಲಿ 45 ಕೋಟಿ ಡಾಲರಿನ ಕಾಮಗಾರಿಯಾಗಿತ್ತು. ಮುಂದೆ ರಾಜ್ಯವೇ ಅದನ್ನು ಕೈಗೆತ್ತಿಕೊಂಡಾಗ ವೆಚ್ಚ ಸುಮಾರು 80 ಕೋಟಿಗೆ ಏರಿತ್ತು.

ಎಣಿಕೆಯ ನಿಯಮವೂ ಗಮನಿಸಬೇಕಾದದ್ದು. ಪ್ರಾದೇಶಿಕ ಮತದಾನದಲ್ಲಿ ಇಡೀ ಪ್ರದೇಶದ ಮತವನ್ನು ಒಟ್ಟಿಗೆ ಎಣಿಸುತ್ತಾರೆ. ನಿಮ್ಮ ಕೌಂಟಿ ಬೇಡವೆಂದರೂ ಪ್ರದೇಶ ಒಪ್ಪಿದರೆ ನೀವೂ ಕಟ್ಟಬೇಕು. ಅಟ್ಲಾಂಟಾ ಸುತ್ತ ಆ ಸೋಲಿನ ನಂತರ ಒಂಟಿ ಕೌಂಟಿ, ಒಂಟಿ ನಗರದ ಮತದಾನಗಳೇ ನಡೆದಿವೆ. ಹಣದ ಕೊರತೆಯಿಂದ 2010ರಲ್ಲಿ ಬಸ್ಸನ್ನೇ ನಿಲ್ಲಿಸಿದ್ದ ಕ್ಲೇಟನ್ 2014ರಲ್ಲಿ ಮಾರ್ಟಾಕ್ಕೆ ಒಂದು ಸೆಂಟ್ ಒಪ್ಪಿತು. ಅಟ್ಲಾಂಟಾ ನಗರ 2016ರಲ್ಲಿ ಒಪ್ಪಿತು. ನಗರ ಬಿಟ್ಟು ಉಳಿದ ಫುಲ್ಟನ್ 2016ರಲ್ಲೂ 2021ರಲ್ಲೂ ಐದೈದು ವರ್ಷಕ್ಕೆ ಶೇ 0.75 ಒಪ್ಪಿದೆ. ಗ್ವಿನೆಟ್ ಬಸ್ಸು-ರೈಲಿನ ತೆರಿಗೆಯನ್ನು 1971, 1990, 2019ರಲ್ಲಿ ಬೇಡವೆಂದು, 2020ರಲ್ಲಿ ಸುಮಾರು ಒಂದು ಸಾವಿರ ಮತಗಳ ಅಂತರದಲ್ಲಿ ಕೈಬಿಟ್ಟು, 2024ರಲ್ಲಿ ಮತ್ತೆ ನಿರಾಕರಿಸಿತು. ಕಾಬ್ ಕೂಡ ಅದೇ ದಿನ 30 ವರ್ಷದ ಒಂದು ಸೆಂಟನ್ನು ತಿರಸ್ಕರಿಸಿತು.

ಪಟ್ಟಿ ಓದುವುದು ಹೇಗೆ

ಬಣ್ಣದ ಕರಪತ್ರ ನಂಬಬೇಡಿ, ಕಾಮಗಾರಿ ಪಟ್ಟಿಯನ್ನೇ ತೆರೆಯಿರಿ. ನಿಮ್ಮ ರಸ್ತೆಯ ಹೆಸರಿನ ಎದುರು ‘ಸ್ಟಡಿ’ ಅಥವಾ ‘ಪ್ರಿಲಿಮಿನರಿ ಎಂಜಿನಿಯರಿಂಗ್’ ಎಂದಷ್ಟೇ ಇದ್ದರೆ ಕಾಗದ ಕೆಲಸಕ್ಕೆ ಮಾತ್ರ ದುಡ್ಡು. ‘ರೈಟ್ ಆಫ್ ವೇ’ ಎಂದರೆ ಜಾಗ ಕೊಳ್ಳುವುದು. ‘ಕನ್‌ಸ್ಟ್ರಕ್ಷನ್’ ಎಂದಿದ್ದರೆ ಮಾತ್ರ ಜೆಸಿಬಿ ಬರುತ್ತದೆ. ಫುಲ್ಟನ್‌ನ ಊರುಗಳ ಪಟ್ಟಿಯಲ್ಲಿ ಟಿಯರ್ 1, 2, 3 ಎಂದು ನೋಡುತ್ತೀರಿ. 2016ರ ಪಟ್ಟಿಯಲ್ಲಿ ಟಿಯರ್ 1 ಎಂದರೆ ಅಂದಾಜು ಆದಾಯದ ಶೇ 85ರೊಳಗೆ ಆಗುವ ಕೆಲಸ, ಟಿಯರ್ 2 ಶೇ 100ರವರೆಗಿನದು, ಟಿಯರ್ 3 ಶೇ 115ರವರೆಗಿನದು. ಹೀಗಾಗಿ ಟಿಯರ್ 3ರಲ್ಲಿರುವ ಕೆಲಸ ಆದಾಯ ಅಂದಾಜನ್ನು ಮೀರಿದರೆ ಮಾತ್ರ.

ಬಸ್ಸು-ರೈಲಿನ ಪಟ್ಟಿಯಾದರೆ ಕಟ್ಟುವ ಖರ್ಚಿನ ಜೊತೆ ಓಡಿಸುವ ಖರ್ಚು ಎಲ್ಲಿಂದ ಎಂದು ಹುಡುಕಿ. ಬಸ್ಸು ಕೊಳ್ಳುವುದು ಒಮ್ಮೆ, ಡ್ರೈವರಿಗೆ ಸಂಬಳ ಪ್ರತಿ ತಿಂಗಳು. ಕೆಲಸ ತಡವಾದಷ್ಟೂ ವೆಚ್ಚ ಏರಿ ಪಟ್ಟಿ ಕುಗ್ಗುತ್ತದೆ. ಅಟ್ಲಾಂಟಾ ನಗರ 2016ರಲ್ಲಿ ಒಪ್ಪಿದ ಮಾರ್ಟಾ ಯೋಜನೆಗಳಲ್ಲಿ 2023ರ ಹೊತ್ತಿಗೆ ಮೊದಲ ಆದ್ಯತೆಗೆ ಉಳಿದದ್ದು ಒಂಬತ್ತು ಮಾತ್ರ.

ಪೌರತ್ವ ಈಗಷ್ಟೇ ಬಂದವರಿಗೆ ಬೇರೆ ತೊಡಕುಗಳಿವೆ. ಡಿಡಿಎಸ್ ದಾಖಲೆಯಲ್ಲಿ ಇನ್ನೂ ‘ಪೌರರಲ್ಲ’ ಎಂದೇ ಇದ್ದರೆ ನಿಮ್ಮ ನೋಂದಣಿ ತಡೆಹಿಡಿಯಲ್ಪಡುತ್ತದೆ. ಪ್ರಮಾಣ ವಚನದ ನಂತರ ಮೊದಲು ಡಿಡಿಎಸ್, ಸೋಷಿಯಲ್ ಸೆಕ್ಯುರಿಟಿ ಎರಡರಲ್ಲೂ ದಾಖಲೆ ಬದಲಿಸಿ. ನೋಂದಣಿಗೆ ಕೊನೆ ದಿನ ಚುನಾವಣೆಗೆ ಸುಮಾರು 29 ದಿನ ಮುಂಚೆ. ರಾಜ್ಯದ ಮತದಾರರ ಜಾಲತಾಣ ಮೈ ವೋಟರ್ ಪೇಜ್‌ನಲ್ಲಿ ಮಾದರಿ ಬ್ಯಾಲಟ್ ಸಿಗುತ್ತದೆ. ಮುಂಗಡ ಮತದಾನದಲ್ಲಿ ಕೌಂಟಿಯ ಯಾವ ಮುಂಗಡ ಕೇಂದ್ರಕ್ಕಾದರೂ ಹೋಗಬಹುದು, ಚುನಾವಣೆಯ ದಿನ ನಿಮ್ಮ ಮತಗಟ್ಟೆಗೇ ಹೋಗಬೇಕು. ಬೆಳಿಗ್ಗೆ 7ರಿಂದ ಸಂಜೆ 7, ಫೋಟೋ ಇರುವ ಗುರುತಿನ ಚೀಟಿ ಕಡ್ಡಾಯ. ತೆರಿಗೆ ಪ್ರಶ್ನೆ ಪ್ರೈಮರಿಯ (ಪಕ್ಷಗಳ ಅಭ್ಯರ್ಥಿಗಳನ್ನು ಆರಿಸುವ ಚುನಾವಣೆ) ಜೊತೆ ಬಂದರೆ ಯಾವ ಪಕ್ಷದ ಬ್ಯಾಲಟ್ ಬೇಕೆಂದು ಕೇಳುತ್ತಾರೆ. ಪಕ್ಷ ಬೇಡವಾದರೆ ‘ನಾನ್‌ಪಾರ್ಟಿಸನ್’ ಕೇಳಿ, ತೆರಿಗೆ ಪ್ರಶ್ನೆ ಅದರಲ್ಲೂ ಇರುತ್ತದೆ. ಅದು ಬರುವುದು ಉದ್ದನೆಯ ಬ್ಯಾಲಟ್ಟಿನ ಕೊನೆಯಲ್ಲಿ, ದಣಿದು ಅಲ್ಲಿಯವರೆಗೆ ಹೋಗದೆ ಮುಗಿಸಬೇಡಿ.

ಕ್ಯಾಲಿಫೋರ್ನಿಯಾಕ್ಕೋ ಸಿಯಾಟಲ್‌ಗೋ ಕೆಲಸ ಬದಲಾದರೆ ನಿಯಮವೂ ಬದಲು. ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರಿ ಸಂಸ್ಥೆ ಮತಕ್ಕಿಟ್ಟ ಇಂಥ ನಿರ್ದಿಷ್ಟ ಉದ್ದೇಶದ ತೆರಿಗೆಗೆ ಮೂರರಲ್ಲಿ ಎರಡು ಪಾಲು ಮತ ಬೇಕು. ಲಾಸ್ ಏಂಜಲೀಸ್‌ನ ಸಾರಿಗೆ ತೆರಿಗೆಯ ಪ್ರಸ್ತಾಪ ಮೆಷರ್ ಜೆ 2012ರಲ್ಲಿ ಶೇ 66.1 ಪಡೆದೂ ಸೋತಿತು. ಸಿಯಾಟಲ್ ಸುತ್ತ 2016ರಲ್ಲಿ ಗೆದ್ದ ಸೌಂಡ್ ಟ್ರಾನ್ಸಿಟ್ ಯೋಜನೆಯಲ್ಲಿ ಸೇಲ್ಸ್ ಟ್ಯಾಕ್ಸ್ ಜೊತೆ ಆಸ್ತಿ ತೆರಿಗೆಯೂ ಕಾರಿನ ವಾರ್ಷಿಕ ಶುಲ್ಕವೂ ಸೇರಿದ್ದವು.

ಮತವಿಲ್ಲದವರಿಗೆ ಬಾಯಿ ಇದೆ, ಮತ್ತು ಅದು ಪಟ್ಟಿ ತಯಾರಾಗುವಾಗ ಹೆಚ್ಚು ಕೇಳಿಸುತ್ತದೆ. ಸಿಟಿ ಕೌನ್ಸಿಲ್, ಕೌಂಟಿ ಸಭೆಗಳ ಸಾರ್ವಜನಿಕ ಅಹವಾಲಿನಲ್ಲಿ ಮಾತಾಡಲು ಪೌರತ್ವ ಬೇಕಿಲ್ಲ. ಸಾಮಾನ್ಯವಾಗಿ ಎರಡು-ಮೂರು ನಿಮಿಷ ಕೊಡುತ್ತಾರೆ, ಸಭೆಗೆ ಮೊದಲೇ ಹೆಸರು ಬರೆಸಬೇಕು. ವೀಸಾದಲ್ಲಿರುವವರು ಪ್ರಚಾರ ಸಮಿತಿಗಳಿಗೆ ಹಣ ಕೊಡದಿರುವುದು ಕ್ಷೇಮ: ಅಭ್ಯರ್ಥಿಗಳಿಗೆ ಕೊಡುವುದಂತೂ ಫೆಡರಲ್ ಕಾನೂನಿನಲ್ಲಿ ನಿಷಿದ್ಧ. ಅಹವಾಲು ಹೇಳುವಾಗ ‘ಟ್ರಾಫಿಕ್ ಜಾಸ್ತಿ’ ಎಂದರೆ ಯಾರೂ ಬರೆದುಕೊಳ್ಳುವುದಿಲ್ಲ. ಎರಡು ರಸ್ತೆಗಳ ಹೆಸರು, ಗಂಟೆ, ಅಲ್ಲಿ ಇಲ್ಲದ್ದು ಏನು ಎಂದು ಹೇಳಿ: ಇಂಥ ಕೂಡುರಸ್ತೆಯಲ್ಲಿ ಬೆಳಿಗ್ಗೆ ಏಳೂವರೆಗೆ ಮಕ್ಕಳು ಶಾಲೆಗೆ ನಡೆಯುತ್ತಾರೆ, ಪಾದಚಾರಿ ದಾರಿ ಅರ್ಧಕ್ಕೇ ನಿಂತಿದೆ. ಅದನ್ನೇ ಬರೆದು ಸಹಿ ಹಾಕಿದ ಪ್ರತಿಯನ್ನು ಗುಮಾಸ್ತರ ಕೈಗೆ ಕೊಡಿ, ಸಭೆಯ ದಾಖಲೆಗೆ ಸೇರುತ್ತದೆ.