ಮುಳ್ಳಿನ ಪೊದೆಯಲ್ಲಿ ಸಿಕ್ಕ ನೀಲಗಿರಿ ಓತಿ

ಊಟಿಯಲ್ಲಿ ರಸ್ತೆ ಬದಿಯ ಪೊದೆಯಲ್ಲೇ ಸಾಲಿಯಾ, ಅಂದರೆ ನೀಲಗಿರಿ ಓತಿ, ಸಿಗುತ್ತದೆ ಅಂದಾಗ ಮೈಸೂರಿನ ನಮ್ಮ ಫೋಟೋ ಗೆಳೆಯರು ಒಪ್ಪಲಿಲ್ಲ. ಬೆಟ್ಟದ ಕಣಿವೆಗಳ ಶೋಲಾ ಕಾಡಿಗೆ ಹೋಗದೆ ಅದು ಕಾಣುವುದಿಲ್ಲ ಎಂಬುದೇ ಎಲ್ಲರ ವಾದ. ಈಗ ನನ್ನ ಹತ್ತಿರ ಹನ್ನೊಂದು ಓತಿಗಳ ಫೋಟೋ ಇವೆ. ಒಂದೂ ಕಾಡಿನದ್ದಲ್ಲ.

ಮೊದಲ ಮೂರು ಸಲ ದುಡ್ಡು ದಂಡ. ಜುಲೈನಲ್ಲಿ ಹೋದಾಗ ಎರಡು ದಿನವೂ ಮಳೆ, ಮಂಜು. ಬಿಸಿಲಿಲ್ಲದಿದ್ದರೆ ಈ ಓತಿ ಮೈ ತೋರಿಸುವುದಿಲ್ಲ. ಇನ್ನೊಮ್ಮೆ ಚಳಿಯಲ್ಲಿದ್ದ ಕ್ಯಾಮೆರಾವನ್ನು ಹೀಟರ್ ಹಾಕಿದ ರೂಮಿಗೆ ಹಾಗೇ ತಂದೆ. ಲೆನ್ಸಿನೊಳಗೆ ಹಬೆ ಕೂತಿತು, ಆಮೇಲೆ ಫಂಗಸ್ ಬಂತು. ಕ್ಲೀನಿಂಗಿಗೆ ಮೂರೂವರೆ ಸಾವಿರ. ಈಗ ಹೊರಗೇ ಜಿಪ್ ಕವರಿಗೆ ಹಾಕುತ್ತೇನೆ, ಒಳಗೆ ಬಂದ ಮೇಲೆ ಒಂದು ಗಂಟೆ ಮುಟ್ಟುವುದಿಲ್ಲ. ಪೆಟ್ರೋಲು, ರೂಮು ಎಲ್ಲಾ ಸೇರಿ ಹೆಚ್ಚುಕಮ್ಮಿ 20 ಸಾವಿರ ಹೋಯಿತು.

ದಾರಿ ತೋರಿಸಿದ್ದು ಗಾರ್ಸ್ ಪೊದೆ. ಬ್ರಿಟಿಷರು ಯುರೋಪಿನಿಂದ ತಂದು ನೆಟ್ಟ ಹಳದಿ ಹೂವಿನ ಮುಳ್ಳುಗಿಡ ಅದು. ಕಿತ್ತು ಹಾಕಬೇಕಾದ ಕಳೆ ಅಂತ ನಾನೂ ಬೈದವನೇ. ಆದರೆ ಓತಿಗೆ ಅದು ಕೋಟೆ ಇದ್ದಂತೆ. ಬಂಡೀಪುರದ ಗೇಟು ಬೆಳಿಗ್ಗೆ 6ಕ್ಕೆ ತೆಗೆದ ಕೂಡಲೇ ಹೊರಟು, ಊಟಿಗೆ ಏರುವ ಕಲ್ಲಟ್ಟಿ ಘಾಟಿಯ 36 ತಿರುವು ಹತ್ತಿದರೆ ಒಂಬತ್ತರೊಳಗೆ ಮೇಲಿರುತ್ತೀರಿ. ರೂಮಿನ ಖರ್ಚೂ ಉಳಿಯಿತು, ಅಲ್ವಾ? ಪೂರ್ವಕ್ಕೆ ಮುಖ ಮಾಡಿದ ಪೊದೆ ಹಿಡಿದು ಹತ್ತಡಿ ದೂರ ಸುಮ್ನೆ ಕೂತುಬಿಡಿ. ತಲೆ ಹುಡುಕಬೇಡಿ, ಬಾಲ ಹುಡುಕಿ. ಅದು ಮೈಗಿಂತ ಎರಡು ಪಟ್ಟು ಉದ್ದ, ಕಡ್ಡಿಗಳ ನಡುವೆ ಅದೇ ಮೊದಲು ಕಣ್ಣಿಗೆ ಬೀಳುವುದು. ನಿಮ್ಮ ನೆರಳು ಬಿದ್ದರೆ ಓಡುವುದಿಲ್ಲ, ಕೊಂಬೆಯ ಆ ಕಡೆಗೆ ಮೆಲ್ಲಗೆ ಜಾರುತ್ತದೆ. ಅದನ್ನು ಮುಟ್ಟದೆ ಮತ್ತೆ ಈ ಕಡೆ ತಿರುಗಿಸುವ ಉಪಾಯ ಒಂದಿದೆ, ಅದು ನನ್ನ ಹತ್ತಿರವೇ ಇರಲಿ.

ನಡುವೆ ಲೇಸರ್ ಥರ್ಮಾಮೀಟರ್ ತಗೊಂಡು ಪೊದೆಯ ಬಿಸಿ ಅಳೆಯುವ ಹುಚ್ಚೂ ಹತ್ತಿತ್ತು. ನೆನಪಿದ್ದಂತೆ ಎಲೆ 20 ಡಿಗ್ರಿ ದಾಟಿದ ಮೇಲೆಯೇ ಓತಿಗಳು ಜಾಸ್ತಿ ಸಿಕ್ಕವು. ಬರೆದಿಟ್ಟ ಚೀಟಿ ಮಳೆಗೆ ಹೋಯಿತು.

ಮಾರ್ಚಿನಲ್ಲಿ ಸಿಕ್ಕ ಗಂಡಿನ ಹಸಿರು ಮೈ, ಕತ್ತಿನ ಮುಳ್ಳುಸಾಲು ನೋಡಿ ಕೈ ನಡುಗಿತು. ಮೊದಲ ಐದಾರು ಫೋಟೋ ಅಲುಗಿಹೋಗಿವೆ. ಜಾಗ ಮಾತ್ರ ಹೇಳುವುದಿಲ್ಲ. ನೀಲಗಿರಿ, ಪಳನಿ ಬೆಟ್ಟಗಳ ನೆತ್ತಿ ಬಿಟ್ಟರೆ ಇದಕ್ಕೆ ಬೇರೆ ಮನೆಯಿಲ್ಲ. ಹಿಡಿದು ಮಾರುವವರೂ ಇದನ್ನು ಓದಬಹುದು.