ಒಂದೂವರೆ ಪ್ಲೇಟ್ ಕೊಫ್ತೆ

ಇಸ್ತಾಂಬುಲ್‌ನ ಸುಲ್ತಾನ್‌ಅಹ್ಮೆತ್ ಟ್ರಾಮ್ ನಿಲ್ದಾಣದಲ್ಲಿ ಇಳಿದರೆ ದಿವಾನ್‌ಯೋಲು ಬೀದಿ. ಅಲ್ಲಿ ಕೊಫ್ತೆ ಅಂಗಡಿಗಳ ಫಲಕಗಳು ಒಂದರಂತೆ ಇನ್ನೊಂದು ಕಾಣುತ್ತವೆ. 1920ರಿಂದ ನಡೆದುಬಂದ ಹಳೆಯ ಅಂಗಡಿಯೇ ಬೇಕೆಂದರೆ ‘ಸೆಲೀಂ ಉಸ್ತಾ’ ಎಂಬ ಹೆಸರನ್ನು ನೋಡಿ ಒಳಗೆ ಹೋಗಿ; ಉಸ್ತಾ ಎಂದರೆ ಕೈಪಳಗಿದ ಕಸುಬುದಾರ. ಬೇರೆ ಊರಿನಲ್ಲಾದರೆ ನನ್ನದು ಒಂದೇ ಪರೀಕ್ಷೆ: ತಿಂಡಿಪಟ್ಟಿ ಎಷ್ಟು ಉದ್ದವೋ ಅಂಗಡಿಯ ಮೇಲೆ ಅಷ್ಟು ಅನುಮಾನ. ಒಳ್ಳೆಯ ಕೊಫ್ತೆಯವನ ಬಳಿ ಕೊಫ್ತೆ, ಪಿಯಾಜ್, ಬೇಳೆಯ ಸೂಪು, ಐರಾನ್, ಕೊನೆಗೊಂದು ಸಿಹಿ, ಹೆಚ್ಚೆಂದರೆ ಇನ್ನೊಂದೆರಡು ಇರುತ್ತವೆ.

ಕೊಫ್ತೆ ಎಂದ ಕೂಡಲೇ ಗ್ರೇವಿಯಲ್ಲಿ ಮುಳುಗಿದ ಉಂಡೆಯನ್ನು ನೆನೆಯಬೇಡಿ. ಇದು ಹೆಬ್ಬೆರಳಿನಷ್ಟು ಉದ್ದ, ಕೆಂಡದ ಮೇಲೆ ಸುಟ್ಟದ್ದು, ಮಸಾಲೆ ಕಡಿಮೆ. ಫೋರ್ಕಿನಿಂದ ಒತ್ತಿದರೆ ತುಸು ತಗ್ಗಿ ಮತ್ತೆ ಮೇಲೇಳಬೇಕು. ಪುಡಿಯಾದರೆ ಅದು ಬೆಳಗ್ಗೆಯ ಸರಕು. ಹೆಚ್ಚಾಗಿ ದನದ ಮಾಂಸ, ಕೆಲವೆಡೆ ಕುರಿಯದೂ ಬೆರೆತಿರುತ್ತದೆ. ದನದ ಮಾಂಸ ತಿನ್ನದವರು ಕೂರುವ ಮೊದಲೇ ‘ದಾನಾ’ನೋ ‘ಕುಜು’ವೋ ಎಂದು ಕೇಳಿಬಿಡಬೇಕು. ದಾನಾ ಎಂದರೆ ಕರುವಿನದು, ಕುಜು ಎಂದರೆ ಕುರಿಮರಿಯದು.

ಒಂದು ಪ್ಲೇಟ್ ಹಸಿದವರಿಗೆ ಸಾಲದು, ಎರಡು ಹೆಚ್ಚಾಗುತ್ತದೆ. ಅದಕ್ಕೇ ತುರ್ಕರು ‘ಬಿರ್ ಬುಚುಕ್’ ಎನ್ನುತ್ತಾರೆ: ಒಂದೂವರೆ. ಇಷ್ಟು ಹೇಳಿದರೆ ಸಾಕು, ಮಾಣಿ ನಿಮ್ಮನ್ನು ಪ್ರವಾಸಿಗರ ಪಟ್ಟಿಯಿಂದ ಅರ್ಧ ತೆಗೆದುಹಾಕುತ್ತಾನೆ. ಜೊತೆಗೆ ಪಿಯಾಜ್ ಹೇಳಿ. ಹೆಸರು ಕೇಳಿ ಬರೀ ಈರುಳ್ಳಿ ಬರುತ್ತದೆಂದು ನಾನು ಬೇಡವೆಂದಿದ್ದೆ. ಪಕ್ಕದ ಮೇಜಿಗೆ ಬಂದಾಗ ನೋಡಿದರೆ ಬೇಯಿಸಿದ ಬಿಳಿ ಬೀನ್ಸ್‌ಗೆ ಈರುಳ್ಳಿ, ಆಲಿವ್ ಎಣ್ಣೆ, ವಿನೆಗರ್ ಕಲಸಿದ ಕೋಸಂಬರಿ! ಕೊಫ್ತೆಯ ಜಿಡ್ಡನ್ನು ಅದರ ಹುಳಿ ಕತ್ತರಿಸುತ್ತದೆ.

ಬ್ರೆಡ್ಡು ಕೇಳದೆಯೇ ಬರುತ್ತದೆ. ಪಕ್ಕದಲ್ಲಿ ಉಪ್ಪಿನಕಾಯಿ ಹಾಕಿದ ಹಸಿರು ಮೆಣಸಿನಕಾಯಿಯೂ ಇರುತ್ತದೆ, ನೋಡಲು ಬಲು ಸಾಧು. ಖಾರ ತಿಂದೇ ಬೆಳೆದವಳೆಂಬ ಜಂಬದಲ್ಲಿ ನಾನು ಇಡಿಯಾಗಿ ಬಾಯಿಗೆ ಹಾಕಿಕೊಂಡೆ. ಕಣ್ಣಲ್ಲಿ ನೀರು. ನರೆತ ಮೀಸೆಯ ಮಾಣಿ ಒಂದು ಮಾತನ್ನೂ ಆಡದೆ ಐರಾನ್ ತಂದಿಟ್ಟು ಹೋದರು. ಐರಾನ್ ಎಂದರೆ ಮೊಸರು, ನೀರು, ಉಪ್ಪು. ಒಗ್ಗರಣೆಯಿಲ್ಲದ ನಮ್ಮ ಮಜ್ಜಿಗೆಯೇ, ತುಸು ಗಟ್ಟಿ. ನೀವು ಮೆಣಸಿನಕಾಯಿಯ ತುದಿಯನ್ನಷ್ಟೇ ಮೊದಲು ಕಚ್ಚಿ ನೋಡಿ.

ಬಿಸಿಯಿರುವಾಗಲೇ ತಿನ್ನಿ, ಫೋಟೊ ಆಮೇಲೆ; ಕೊಬ್ಬು ಆರಿದರೆ ನಾಲಿಗೆಗೆ ಮೇಣದಂತೆ ಅಂಟುತ್ತದೆ. ಹೊಟ್ಟೆಯಲ್ಲಿ ಜಾಗವಿದ್ದರೆ ರವೆಯ ‘ಇರ್ಮಿಕ್ ಹೆಲ್ವಾ’ ತರಿಸಿಕೊಳ್ಳಿ. ನನಗೆ ಅದು ಸಪ್ಪೆ ಕೇಸರಿಬಾತಿನಂತೆ ಕಂಡಿತು, ಆದರೂ ಮುಗಿಸಿದೆ. ‘ಹೆಸಾಪ್ ಲುತ್ಫೆನ್’ ಎಂದರೆ ಬಿಲ್ಲು ಬರುತ್ತದೆ; ಚಿಲ್ಲರೆ ಲಿರಾ ಮೇಜಿನ ಮೇಲೆ ಬಿಡಿ. ಒಲೆಯ ಮುಂದೆ ನಿಂತ ಉಸ್ತಾಗೆ ‘ಎಲಿನಿಜೆ ಸಾಲಿಕ್’, ಅಂದರೆ ನಿಮ್ಮ ಕೈ ಚೆನ್ನಾಗಿರಲಿ, ಎಂದು ಹೇಳಿ ಹೊರಡಿ. ಹರಟೆಗೆ, ಚಹಾಕ್ಕೆ ಬೇರೆ ಅಂಗಡಿ ಹುಡುಕಿಕೊಳ್ಳಿ. ನಿಮ್ಮ ಕುರ್ಚಿಯ ಮೇಲೆ ಕಣ್ಣಿಟ್ಟವರು ಬಾಗಿಲಲ್ಲೇ ನಿಂತಿರುತ್ತಾರೆ.