ಪ್ಯಾರಿಸ್‌ನಲ್ಲಿ ಬ್ಯಾಗ್ ಬರಲಿಲ್ಲ, ಆಮೇಲೆ ಮಾಡಿದ್ದಿಷ್ಟು

ಚಾರ್ಲ್ಸ್ ಡಿ ಗಾಲ್ ನಿಲ್ದಾಣದಲ್ಲಿ ಬೆಲ್ಟ್ ನಿಂತೇ ಹೋಯಿತು, ನನ್ನ ಸೂಟ್‌ಕೇಸ್ ಮಾತ್ರ ಬರಲಿಲ್ಲ. ಹೊರಗೆ ಹೋಗುವ ಮುಂಚೆಯೇ ಬ್ಯಾಗೇಜ್ ಕೌಂಟರ್‌ನಲ್ಲಿ ಪಿಐಆರ್ ಅನ್ನೋ ದೂರು ಬರೆಸಿದೆ. ಹೊರಗೆ ಬಂದ ಮೇಲೆ ಬರೆಸುವುದು ದೊಡ್ಡ ತಲೆನೋವು. ಬೋರ್ಡಿಂಗ್ ಪಾಸ್ ಹಿಂದೆ ಅಂಟಿಸಿದ್ದ ಟ್ಯಾಗ್ ಚೀಟಿ ಕೇಳಿದರು. ಬೆಂಗಳೂರಲ್ಲೇ ಬ್ಯಾಗಿನ ಫೋಟೊ ತೆಗೆದಿದ್ದೆ, ಹಾಗಾಗಿ ಬಣ್ಣ, ಆಕಾರ ವಿವರಿಸುವ ಗೋಜೇ ಇರಲಿಲ್ಲ.

ಕೊಟ್ಟ ಕಾಗದದಲ್ಲಿ ಸಿಡಿಜಿ (ಆ ನಿಲ್ದಾಣದ ಕೋಡ್) ಅಂತ ಶುರುವಾಗುವ ಪಿಐಆರ್ ನಂಬರ್ ಇತ್ತು. ವಿಮಾನ ಕಂಪನಿಯ ವೆಬ್‌ಸೈಟಿನಲ್ಲಿ ಅದನ್ನು ಹಾಕಿದರೆ ಬ್ಯಾಗ್ ಸಿಕ್ಕಿದೆಯೋ ಇಲ್ಲವೋ ಗೊತ್ತಾಗುತ್ತದೆ. ಹೋಟೆಲ್ ವಿಳಾಸದ ಜೊತೆ ನೀವು ಮುಂದೆ ಹೋಗುವ ಊರಿನ ವಿಳಾಸ, ದಿನಾಂಕವನ್ನೂ ಬರೆಸಿ. ಇಲ್ಲದಿದ್ದರೆ ನೀವೊಂದು ಕಡೆ, ಬ್ಯಾಗೊಂದು ಕಡೆ.

ಆ ಸಂಜೆ ಒಳಉಡುಪು, ಟೂತ್ ಬ್ರಷ್, ಒಂದು ಶರ್ಟ್ ಕೊಂಡು ರಸೀದಿಗಳನ್ನು ಎತ್ತಿಟ್ಟೆ. ಬ್ಯಾಗ್ ಕೊನೆಗೆ ಹೋಟೆಲಿಗೇ ಬಂತು. ಅಂತರರಾಷ್ಟ್ರೀಯ ವಿಮಾನ ಪ್ರಯಾಣದ ನಿಯಮಗಳಿರುವ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ತಡವಾಗಿ ಬಂದ ಬ್ಯಾಗ್ ಕೈಸೇರಿದ 21 ದಿನದೊಳಗೆ ಲಿಖಿತ ದೂರು ಕೊಡಬೇಕು. ಬ್ಯಾಗ್ ಒಡೆದಿದ್ದರೆ 7 ದಿನವಷ್ಟೇ! ರಸೀದಿಗಳ ಫೋಟೊ, ಪಿಐಆರ್ ನಂಬರ್ ಹಾಕಿ ವಿಮಾನ ಕಂಪನಿಗೆ ಇಮೇಲ್ ಕಳಿಸಿದೆ. ಶರ್ಟಿನ ದುಡ್ಡೂ ಬಂತು. ಸುಮ್ನೆ ಆಸೆಗೆ ಕೊಂಡಿದ್ದ ಸೆಂಟಿನದ್ದು ಮಾತ್ರ ಕೊಡಲಿಲ್ಲ, ನಾನೂ ಜಗಳಕ್ಕೆ ಹೋಗಲಿಲ್ಲ.